ನೋವಾಖಾಲಿಯವನ ಹೆಸರು

ಹೆಗ್ಗೋಡಿನಿಂದ ಸಮುದ್ರ ಕಾಣುವುದಿಲ್ಲ. ಆಷಾಢದ ರಾತ್ರಿ ಪಡುವಣ ಗಾಳಿ ಜೋರಾದಾಗ ‘ಕಡಲು ಕೂಗ್ತಾ ಇದ್ದು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ಹಾಗೆ ಹೇಳುವ ಅವಳೂ ಕಡಲು ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ಗೋಕರ್ಣಕ್ಕೆ ಹೋದಾಗ.

ಆದರೆ ನಮ್ಮ ಸೀಮೆಯ ನೀರಿಗೆ ಕಡಲಿನ ದಾರಿ ಚೆನ್ನಾಗಿ ಗೊತ್ತು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರ, ಸಾಗರ ಸೀಮೆಗಳನ್ನು ಹಾದು, ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಸಾಗರದ ಪಕ್ಕದ ವರದಾಮೂಲದಲ್ಲಿ ಹುಟ್ಟುವ ವರದೆ ಮಾತ್ರ ಮೂಡಣಕ್ಕೆ ಹೊರಟು, ತುಂಗಭದ್ರೆ ಕೃಷ್ಣೆಯರನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀರಿನ ಹಾಗೆಯೇ ಸರಕೂ ಇಳಿಯುತ್ತಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದದ್ದು ಈ ಘಟ್ಟದ ಸೀಮೆಯ ಕಾಳುಮೆಣಸಿನಿಂದಾಗಿ. ಮೆಣಸು ಹೋದದ್ದಕ್ಕೆ ದಾಖಲೆ ಇದೆ. ಅದೇ ಕರಾವಳಿಯಿಂದ ಹಡಗು ಹತ್ತಿ ಹೋದ ಮನುಷ್ಯರ ಕತೆ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ, ಸಾಗರದ ಒಂದು ಬೇಕರಿಯ ಹಿಂಬದಿಯಲ್ಲಿ.

ಎಂಬತ್ತರ ದಶಕದ ಮಾತು. ನಾನು ಸಾಗರದಲ್ಲಿ ಓದುತ್ತಿದ್ದೆ. ಸಂಜೆ ಹೆಗ್ಗೋಡಿಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿದ್ದರೆ ಬೇಕರಿಯ ಹಿಂದಿನ ಒಲೆಯ ಹತ್ತಿರ ಹೋಗಿ ಕೂರುತ್ತಿದ್ದೆ. ಅಲ್ಲಿ ಹೊನ್ನಾವರದ ಕಡೆಯ, ಕೊಂಕಣಿ ಮಾತಾಡುವ ಒಬ್ಬ ಮುದುಕರು ಇದ್ದರು. ವಯಸ್ಸು ಅರವತ್ತು ದಾಟಿತ್ತು, ಹಿಟ್ಟು ನಾದುವ ಕೈ ಮಾತ್ರ ಇಪ್ಪತ್ತರ ಹುಡುಗನದು. ನಾವೆಲ್ಲ ‘ಬೇಕರಿ ಅಜ್ಜ’ ಎನ್ನುತ್ತಿದ್ದೆವು. ಅವರು ನನ್ನನ್ನು ‘ಪುತಾ’ ಎನ್ನುತ್ತಿದ್ದರು. ಬ್ರೆಡ್ ಮಾಡುವುದನ್ನು ಎಲ್ಲಿ ಕಲಿತಿರಿ ಎಂದು ಒಂದು ದಿನ ಕೇಳಿದೆ. “ಹಡಗಿನಲ್ಲಿ ಪುತಾ, ಬ್ರಿಟಿಷರ ಹಡಗಿನಲ್ಲಿ” ಎಂದರು. ನಾನು ಯುದ್ಧನೌಕೆ ಎಂದುಕೊಂಡೆ. ಅವರು ನಕ್ಕರು. “ಬಂದೂಕಿನದ್ದಲ್ಲ, ಸಾಮಾನಿನ ಹಡಗು.”

ಅವರ ಕತೆಯ ಆರಂಭ ಸರಳ. ಮನೆಯಲ್ಲಿ ಬಡತನ, ಮುಂಬಯಿಯಲ್ಲಿ ನೆಂಟರು. ಗೋವೆಯ ಹಳ್ಳಿಗಳವರು ಧೋಬಿ ತಲಾವ್ ಸುತ್ತಮುತ್ತ ತಮ್ಮ ತಮ್ಮ ಊರಿನ ಹೆಸರಿನಲ್ಲಿ ‘ಕೂಡ್’ ಎಂಬ ವಸತಿಗಳನ್ನು ನಡೆಸುತ್ತಿದ್ದರು. ಹಡಗಿನ ಕೆಲಸ ಹುಡುಕಿ ಬಂದವರು ಅಲ್ಲಿ ಒಂದು ಟ್ರಂಕು ಇಟ್ಟುಕೊಂಡು ತಿಂಗಳುಗಟ್ಟಲೆ ಕಾಯುತ್ತಿದ್ದರು. ಅಜ್ಜನೂ ಹಾಗೆ ಕಾದವರು. ಕೆಲಸ ಕೊಡಿಸಿದವನಿಗೆ ಮೊದಲ ಎರಡು ತಿಂಗಳ ಸಂಬಳ ಹೋಯಿತಂತೆ. 1941ರಲ್ಲಿ ಹಡಗು ಹತ್ತಿದರು. ಮೊದಲು ಪಾತ್ರೆ ತೊಳೆಯುವ ಹುಡುಗ, ಆಮೇಲೆ ಬ್ರೆಡ್ ಮಾಡುವವನ ಕೈಯಾಳು.

ಹಡಗು ಎಂದರೆ ತೇಲುವ ಊರು, ಅದರಲ್ಲಿ ಕೇರಿಗಳಿದ್ದವು. ಡೆಕ್ಕಿನ ಮೇಲೆ ರತ್ನಾಗಿರಿಯವರು, ಅವರ ಮುಖ್ಯಸ್ಥ ಸಾರಂಗ. ಅವನ ಕೆಳಗೆ ತಾಂಡೇಲ. ನಮ್ಮ ಕರಾವಳಿಯಲ್ಲಿ ಮೀನು ದೋಣಿಯ ಮುಖಂಡನನ್ನು ಇವತ್ತಿಗೂ ತಾಂಡೇಲ ಎಂದೇ ಕರೆಯುತ್ತಾರೆ. ಚಕ್ರ ಹಿಡಿದು ಹಡಗು ನಡೆಸುವವನಿಗೆ ಸುಕ್ಕಾನಿ ಎನ್ನುತ್ತಿದ್ದರು. ಕನ್ನಡದ ‘ಚುಕ್ಕಾಣಿ’ ಅದರದೇ ಬಳಗದ ಮಾತು. ಕೆಳಗೆ ಎಂಜಿನ್ನಿನ ಹೊಟ್ಟೆಯಲ್ಲಿ ಬೆಂಕಿಗೆ ಕಲ್ಲಿದ್ದಲು ಹಾಕುವ ‘ಆಗ್‌ವಾಲಾ’ಗಳು, ಕಲ್ಲಿದ್ದಲು ಹೊತ್ತು ತರುವ ‘ಕೋಯ್ಲಾವಾಲಾ’ಗಳು. ಅವರಲ್ಲಿ ಹೆಚ್ಚಿನವರು ಸಿಲ್ಹೆಟ್, ನೋವಾಖಾಲಿ ಕಡೆಯ ಬಂಗಾಳಿ ಮುಸಲ್ಮಾನರು. ಊಟದ ಮನೆ, ಅಡುಗೆಮನೆಗಳಲ್ಲಿ ಗೋವೆಯ ಕ್ರಿಶ್ಚಿಯನ್ನರು, ಅವರ ನಡುವೆ ಹೊನ್ನಾವರದ ಇವರೊಬ್ಬರು. ಮಾತು ಹಿಂದೂಸ್ತಾನಿ, ಪೋರ್ಚುಗೀಸ್, ಅರಬ್ಬಿ, ಇಂಗ್ಲಿಷ್ ಎಲ್ಲ ಕಲಸಿದ್ದು. ಈ ಹಡಗುಭಾಷೆಗೆ 1811ರಷ್ಟು ಹಿಂದೆಯೇ ಥಾಮಸ್ ರೋಬಕ್ ಎಂಬ ಅಧಿಕಾರಿ ಕಲ್ಕತ್ತೆಯಲ್ಲಿ ಒಂದು ನಿಘಂಟು ಅಚ್ಚು ಹಾಕಿಸಿದ್ದ. ಆಜ್ಞೆ ಕೊಡುವ ಇಂಗ್ಲಿಷ್ ಅಧಿಕಾರಿಗೂ ಈ ಭಾಷೆ ಬೇಕಾಗಿತ್ತು.

ಅಜ್ಜನ ಕತೆಗಳಲ್ಲಿ ಹೆಸರುಗಳೇ ಇರಲಿಲ್ಲ. ‘ರತ್ನಾಗಿರಿ ಸಾರಂಗ’, ‘ಗೋವೆಯ ಬಟ್ಲರ್’, ‘ಪೇಶಾವರದವ’, ಹೀಗೆ ಎಲ್ಲರೂ ಊರುಗಳೇ. “ಹೆಸರು ಯಾರು ಕೇಳ್ತಿದ್ರು ಪುತಾ? ಊರು ಗೊತ್ತಾದ್ರೆ ಸಾಕಿತ್ತು. ನನ್ನನ್ನೂ ‘ಏ ಹೊನ್ನಾವರ್’ ಅಂತಲೇ ಕರೀತಿದ್ರು.”

ಆ ಊರುಗಳಲ್ಲಿ ಅವರು ಹೆಚ್ಚು ಹೇಳುತ್ತಿದ್ದುದು ‘ನೋವಾಖಾಲಿಯವ’ನ ವಿಚಾರ. ಎಂಜಿನ್ ರೂಮಿನಲ್ಲಿ ನಾಲ್ಕು ಗಂಟೆ ಕೆಲಸ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ ಕೆಲಸ. ನೋವಾಖಾಲಿಯವನದು ರಾತ್ರಿ ಹನ್ನೆರಡರಿಂದ ನಾಲ್ಕರ ಪಾಳಿ. ಅವನು ಬೆವರು, ಮಸಿ ಹೊತ್ತು ಮೇಲೆ ಬರುವ ಹೊತ್ತಿಗೆ ಸರಿಯಾಗಿ ಅಜ್ಜನ ಮೊದಲ ಬ್ರೆಡ್ಡು ಒಲೆಯಿಂದ ಹೊರಗೆ ಬರುತ್ತಿತ್ತು. ಅದು ಸಾಹೇಬರ ಬ್ರೆಡ್ಡು, ಖಲಾಸಿಗಳಿಗೆ ಅನ್ನ, ಬೇಳೆ, ಒಣಮೀನು. ಅಜ್ಜ ಒಂದು ತುಂಡು ಮುರಿದು ಕೊಡುತ್ತಿದ್ದರು. ಅವನು ಒಂದು ತಗಡಿನ ಲೋಟದಲ್ಲಿ ತಂದ ಚಹಾದಲ್ಲಿ ಅದನ್ನು ಅದ್ದಿ ನಿಂತುಕೊಂಡೇ ತಿನ್ನುತ್ತಿದ್ದ. ಇಬ್ಬರಿಗೂ ಪರಸ್ಪರರ ಭಾಷೆ ಸರಿಯಾಗಿ ಬಾರದು. ಅವನು ತನ್ನ ಊರಿನ ನದಿ ಬಗ್ಗೆ ಹೇಳುತ್ತಿದ್ದ, ದಡ ಪ್ರತಿವರ್ಷ ಕುಸಿಯುತ್ತದೆ, ಗದ್ದೆಯನ್ನು ನದಿಯೇ ತಿಂದುಹಾಕುತ್ತದೆ ಎಂದು. ಇವರು ಶರಾವತಿ ಬಗ್ಗೆ ಹೇಳುತ್ತಿದ್ದರು. ಹೀಗೆ ಒಂದು ವರ್ಷ, ಸಮುದ್ರದ ಮೇಲೆ ಇರುವ ಪ್ರತಿ ಬೆಳಗಿನ ಜಾವ.

ಆ ದಿನಗಳಲ್ಲಿ ನಾನು ಇದನ್ನೆಲ್ಲ ಒಬ್ಬ ಮುದುಕರ ನೆನಪು ಎಂದು ಕೇಳಿದೆ, ಅಷ್ಟೇ. ಅವರೊಬ್ಬರೇ ಅಲ್ಲ, ಇಂಥವರು ಸಾವಿರಾರು ಮಂದಿ ಇದ್ದರೆಂದು ಗೊತ್ತಾಗಲು ಬಹಳ ವರ್ಷ ಬೇಕಾಯಿತು. ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟಿಷ್ ವಾಣಿಜ್ಯ ಹಡಗುಗಳಲ್ಲಿ ಸುಮಾರು ಐವತ್ತು ಸಾವಿರ ಭಾರತೀಯ ನಾವಿಕರಿದ್ದರು. ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬ. ಇಂಗ್ಲಿಷಿನಲ್ಲಿ ಅವರೆಲ್ಲರಿಗೂ ಒಂದೇ ಹೆಸರು: ಲಸ್ಕರ್. ಸೈನ್ಯ, ದಂಡು ಎಂಬ ಅರ್ಥದ ಪಾರಸಿ ಮಾತು ‘ಲಷ್ಕರ್’ ಹೀಗೆ ಹಡಗಿನ ಕೂಲಿಯವನ ಹೆಸರಾಯಿತು. ಇಂಗ್ಲೆಂಡಿಗೆ ಬೇಕಾದ ಗೋಧಿ, ಮಾಂಸ, ಎಣ್ಣೆ, ಸೈನ್ಯಕ್ಕೆ ಬೇಕಾದ ಮದ್ದುಗುಂಡು ಎಲ್ಲ ಈ ಹಡಗುಗಳಲ್ಲೇ ಹೋಗಬೇಕಿತ್ತು. ಆದ್ದರಿಂದ ಬಂದೂಕು ಹಿಡಿಯದ ಇವರು ಶತ್ರುವಿನ ಮೊದಲ ಗುರಿಯಾದರು. ಆ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರು ಆರು ಸಾವಿರಕ್ಕೂ ಹೆಚ್ಚು.

ಅವರ ಸಂಬಳ ಅದೇ ಕೆಲಸ ಮಾಡುವ ಬ್ರಿಟಿಷ್ ನಾವಿಕನ ಸಂಬಳದ ಮೂರನೆಯ ಒಂದು ಭಾಗ, ಕೆಲವೊಮ್ಮೆ ಐದನೆಯ ಒಂದು ಭಾಗ. ಇನ್ನೊಂದು ಅಳತೆಯೂ ಇತ್ತು. ಹಡಗಿನಲ್ಲಿ ಒಬ್ಬೊಬ್ಬ ನಾವಿಕನಿಗೆ ಮಲಗಲು ಎಷ್ಟು ಜಾಗ ಕೊಡಬೇಕೆಂಬುದನ್ನು ಕಾನೂನು ಘನ ಅಡಿಯಲ್ಲಿ ಹೇಳುತ್ತಿತ್ತು. 1906ರ ಕಾಯ್ದೆ ಬ್ರಿಟಿಷ್ ನಾವಿಕನಿಗೆ 120 ಘನ ಅಡಿ ಎಂದಿತು. ಲಸ್ಕರನ ಪಾಲು 36ರಲ್ಲೇ ಉಳಿಯಿತು. ಮೂವತ್ತಾರು ಘನ ಅಡಿ ಎಂದರೆ ಆರಡಿ ಉದ್ದ, ಮೂರಡಿ ಅಗಲ, ಎರಡಡಿ ಎತ್ತರದ ಒಂದು ಪೆಟ್ಟಿಗೆ.

ಈ ಅಂಕಿ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ನಮ್ಮದೇ ತಾಲ್ಲೂಕಿನ ಕಾಗೋಡು. 1951ರ ಏಪ್ರಿಲ್‌ನಲ್ಲಿ ಅಲ್ಲಿಯ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಎಚ್. ಗಣಪತಿಯಪ್ಪ ಮುಂದೆ ನಿಂತರು, ಸಮಾಜವಾದಿಗಳು ಜೊತೆಗೆ ಬಂದರು, ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಆ ಹೋರಾಟದ ಬೇರಿನಲ್ಲಿ ಇದ್ದದ್ದು ಒಂದು ಅಳತೆಪಾತ್ರೆ, ಗೇಣಿ ಭತ್ತ ಅಳೆಯುವ ಕೊಳಗ. ತಮ್ಮ ಭತ್ತವನ್ನು ಅಳೆದುಕೊಳ್ಳುವ ಕೊಳಗ ದೊಡ್ಡದು ಎಂಬುದು ಗೇಣಿದಾರರ ತಕರಾರಾಗಿತ್ತು. ಬೈಗುಳ, ಹೊಡೆತ ಎಲ್ಲರ ಕಣ್ಣಿಗೂ ಬೀಳುತ್ತವೆ. ಕೊಳಗದಲ್ಲೋ ಘನ ಅಡಿಯಲ್ಲೋ ಕೂತಿರುವ ಅನ್ಯಾಯ ಲೆಕ್ಕದ ಹಾಗೆ ಕಾಣುತ್ತದೆ, ಅದನ್ನು ಕಾಣಿಸಲು ಯಾರಾದರೂ ಮತ್ತೆ ಅಳೆದು ತೋರಿಸಬೇಕು.

ಹಡಗಿನವರ ವಿಷಯದಲ್ಲಿ ಹಾಗೆ ಅಳೆದು ತೋರಿಸಿದವರಲ್ಲಿ ಒಬ್ಬರು ಕನ್ನಡದ ಕವಿ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ‘ದಿನಕರನ ಚೌಪದಿ’ಯ ದಿನಕರ ದೇಸಾಯಿ (1909–1982) ಅವರನ್ನು ನಾವು ಚುಟುಕಗಳಿಂದ ಬಲ್ಲೆವು. ಉತ್ತರ ಕನ್ನಡದ ರೈತ ಹೋರಾಟದಿಂದ, ಆ ಹೋರಾಟಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಹೊರಹಾಕಿದ್ದರಿಂದ, 1953ರಲ್ಲಿ ಅವರು ಕಟ್ಟಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಿಂದ ಬಲ್ಲೆವು. ಅಂಕೋಲೆಯ ಈ ಮನುಷ್ಯ ಮುಂಬಯಿಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರಾಗಿ ಕಾರ್ಮಿಕರ ನಡುವೆ ಕೆಲಸ ಮಾಡುತ್ತಿದ್ದಾಗ ಭಾರತೀಯ ನಾವಿಕರ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ಹೆಸರು ‘ಮ್ಯಾರಿಟೈಮ್ ಲೇಬರ್ ಇನ್ ಇಂಡಿಯಾ’, ಪ್ರಕಟವಾದದ್ದು 1940ರಲ್ಲಿ. ಬೇಕರಿ ಅಜ್ಜ ಹಡಗು ಹತ್ತುವುದಕ್ಕೆ ಒಂದು ವರ್ಷ ಮೊದಲು.

ಆ ಪುಸ್ತಕ ಬಂದ ಕಾಲವನ್ನು ನೋಡಿ. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಕೆಲವೇ ವಾರಗಳಲ್ಲಿ ಬ್ರಿಟನ್ನಿನ ಬಂದರುಗಳಲ್ಲಿ ಭಾರತೀಯ ನಾವಿಕರು ಹಡಗು ಹತ್ತಲು ನಿರಾಕರಿಸಿದರು. ಅಪಾಯ ಹೆಚ್ಚಿದೆ, ಸಂಬಳವೂ ಹೆಚ್ಚಲಿ ಎಂಬುದು ಅವರ ಬೇಡಿಕೆ. ಅನೇಕರನ್ನು ಜೈಲಿಗೆ ಹಾಕಿದರು, ಕೊನೆಗೆ ಸಂಬಳ ಒಂದಿಷ್ಟು ಏರಿತು. ಕೆಲಸ ಸಿಗಬೇಕಾದರೆ ಲಂಚ ಕೊಡಬೇಕಾದ ಸ್ಥಿತಿಯನ್ನು 1931ರಲ್ಲಿ ವರದಿ ಕೊಟ್ಟ ರಾಯಲ್ ಕಮಿಷನ್ ಆನ್ ಲೇಬರ್ ಕೂಡ ಪ್ರಸ್ತಾಪಿಸಿತ್ತು. ಅಜ್ಜ ಕಳೆದುಕೊಂಡ ಎರಡು ತಿಂಗಳ ಸಂಬಳ ಅವರೊಬ್ಬರ ದುರದೃಷ್ಟವಾಗಿರಲಿಲ್ಲ, ಅದು ಪದ್ಧತಿಯಾಗಿತ್ತು. ನಮ್ಮ ಸಾಹಿತ್ಯದಲ್ಲಿ ಕಡಲು ಇಲ್ಲವೆಂದಲ್ಲ. ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಅದು ಮನೆಯ ಪಕ್ಕದಲ್ಲೇ ಮೊರೆಯುತ್ತದೆ. ಆದರೆ ಅದು ದಡದಿಂದ ನೋಡಿದ ಕಡಲು. ಹಡಗಿನ ಒಳಗಿನ ಬದುಕಿನ ಕಡೆ ಗಮನ ಕೊಟ್ಟ ನಮ್ಮ ಕವಿ ಅದನ್ನು ಕವಿತೆಯಾಗಿ ಬರೆಯದೆ ನೇಮಕಾತಿ, ಸಂಬಳ, ದುಡಿಮೆಯ ಹೊತ್ತುಗಳ ಅಧ್ಯಯನವಾಗಿ ಬರೆದರು. ಆಗ ಬೇಕಾಗಿದ್ದದ್ದು ಅದೇ ಎಂದು ಅವರಿಗೆ ಅನ್ನಿಸಿರಬೇಕು.

ಬೇಕರಿ ಅಜ್ಜನ ಹಡಗು ಮುಳುಗಿದ್ದು 1942ರ ಮಳೆಗಾಲದಲ್ಲಿ, ಆಫ್ರಿಕಾದ ಪೂರ್ವಕ್ಕೆ. ಆ ಜೂನ್, ಜುಲೈ ತಿಂಗಳುಗಳಲ್ಲಿ ಮೊಜಾಂಬಿಕ್ ಕಡಲ್ಗಾಲುವೆಯಲ್ಲಿ ಜಪಾನಿ ಜಲಾಂತರ್ಗಾಮಿಗಳು ಇಪ್ಪತ್ತಕ್ಕೂ ಹೆಚ್ಚು ಹಡಗುಗಳನ್ನು ಮುಳುಗಿಸಿದ್ದವು. ಅಜ್ಜನಿಗೆ ಆ ಲೆಕ್ಕವೇನೂ ಗೊತ್ತಿರಲಿಲ್ಲ. ಬೆಳಗಿನ ಮೂರು ಗಂಟೆ ದಾಟಿತ್ತು, ಬ್ರೆಡ್ಡು ಒಲೆಯಲ್ಲಿತ್ತು ಎಂಬುದಷ್ಟೇ ಗೊತ್ತಿತ್ತು. ಟಾರ್ಪಿಡೊ ಹೊಡೆದದ್ದು ಎಂಜಿನ್ ರೂಮಿಗೆ. ಹಡಗು ಒಮ್ಮೆ ಎದ್ದು ಕೂತ ಹಾಗಾಯಿತಂತೆ, ಆಮೇಲೆ ದೀಪ ಹೋಯಿತು. ಸಾರಂಗ ಕತ್ತಲಲ್ಲೇ ಒಬ್ಬೊಬ್ಬರ ಊರು ಹಿಡಿದು ಕೂಗುತ್ತ ಎಲ್ಲರನ್ನೂ ಲೈಫ್‌ಬೋಟಿಗೆ ಇಳಿಸಿದ. ‘ಹೊನ್ನಾವರ್’ ಎಂದಾಗ ಇವರು ಓಗೊಟ್ಟರು. ‘ನೋವಾಖಾಲಿ’ ಎಂದಾಗ ಬೇರೆ ಪಾಳಿಯ ಇಬ್ಬರು ಓಗೊಟ್ಟರು, ಅವನು ಓಗೊಡಲಿಲ್ಲ. ಹನ್ನೆರಡರಿಂದ ನಾಲ್ಕರ ಪಾಳಿಯವರು ಯಾರೂ ಮೇಲೆ ಬರಲಿಲ್ಲ.

ನಾಲ್ಕನೆಯ ದಿನ ಇನ್ನೊಂದು ಹಡಗು ಇವರನ್ನು ಎತ್ತಿಕೊಂಡಿತು. ಅಜ್ಜ ಆಮೇಲೂ ಆರು ವರ್ಷ ಹಡಗಿನಲ್ಲೇ ದುಡಿದರು. “ಬೇರೆ ಏನು ಗೊತ್ತಿತ್ತು ಪುತಾ ನಂಗೆ?” ಎಂದರು.

ಈ ಕತೆ ಹೇಳಿದ ಕೆಲವು ದಿನಗಳ ಮೇಲೆ ಅವರು ನನಗೆ ಒಂದು ಕೆಲಸ ಹೇಳಿದರು. “ನಿಂಗೆ ಇಂಗ್ಲಿಷ್ ಬರ್ತದೆ. ಎಲ್ಲಿಗಾದ್ರೂ ಒಂದು ಕಾಗದ ಬರೆದು ಕೇಳು. ಆ ಹಡಗಿನಲ್ಲಿ ಸತ್ತವರ ಹೆಸರು ಬರೆದಿಟ್ಟಿರ್ತಾರೆ. ಅವನ ಹೆಸರು ಏನಂತ ಒಂದು ಸಲ ಗೊತ್ತಾಗ್ಬೇಕು. ಇಷ್ಟು ವರ್ಷ ಪ್ರಾರ್ಥನೆಯಲ್ಲಿ ಅವನನ್ನ ಊರಿನ ಹೆಸರಿನಿಂದಲೇ ನೆನೀತಿದ್ದೇನೆ. ದೇವರಿಗೆ ತಿಳೀತದೆ, ಆದ್ರೂ.”

ನಾನು ಹೂಂ ಎಂದೆ. ಬರೆಯಲಿಲ್ಲ. ಎಲ್ಲಿಗೆ ಬರೆಯುವುದೆಂದು ಗೊತ್ತಿರಲಿಲ್ಲ ಎಂದು ಈಗ ಹೇಳಬಹುದು, ಆದರೆ ಗೊತ್ತುಮಾಡಿಕೊಳ್ಳಲು ಹೋಗಲೂ ಇಲ್ಲ. ಪರೀಕ್ಷೆ ಬಂತು, ನಾಟಕದ ತಾಲೀಮು ಬಂತು, ನಾನು ಸಾಗರ ಬಿಟ್ಟೆ. ಹೆಗ್ಗೋಡಿನಲ್ಲಿ ನೀನಾಸಮ್‌ನಿಂದಾಗಿ ಜಗತ್ತಿನ ನಾಟಕ, ಸಿನಿಮಾಗಳ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಿದ್ದ ಹುಡುಗ ನಾನು. ಜಗತ್ತು ಸುತ್ತಿದ ಮನುಷ್ಯರೊಬ್ಬರು ಏಳೆಂಟು ಕಿಲೋಮೀಟರ್ ದೂರದಲ್ಲಿ ಒಂದು ಹೆಸರಿಗಾಗಿ ಕಾಯುತ್ತಿದ್ದಾರೆಂಬುದು ಮರೆತೇಹೋಯಿತು. ಮುಂದೊಂದು ದಿನ ಬೇಕರಿಗೆ ಹೋದಾಗ ಒಲೆಯ ಮುಂದೆ ಬೇರೆಯವರಿದ್ದರು. ಅಜ್ಜ ಊರಿಗೆ ಹೋಗಿ ಅಲ್ಲೇ ತೀರಿಕೊಂಡರು ಎಂದರು.

ಈಗ ಹುಡುಕುವುದು ಸುಲಭ. ಯುದ್ಧದಲ್ಲಿ ಸತ್ತು, ಕಡಲನ್ನು ಬಿಟ್ಟು ಬೇರೆ ಸಮಾಧಿಯಿಲ್ಲದ ಭಾರತೀಯ ನಾವಿಕರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅದರ ಒಂದು ಪ್ರತಿ ಮುಂಬಯಿಯ ಮಸ್ಜಿದ್ ಬಂದರಿನ ನಾವಿಕರ ಗೃಹದಲ್ಲಿದೆ, ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗ್‌ನ ಯುದ್ಧಸ್ಮಶಾನದಲ್ಲಿ. ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯನ್ನು ಮನೆಯಲ್ಲಿ ಕೂತೇ ನೋಡಬಹುದು. ಹೆಸರು, ಹಡಗು, ಕೆಲಸ, ಸತ್ತ ದಿನ; ಕೆಲವು ಕಡೆ ತಂದೆಯ ಹೆಸರು, ಊರು. ಆ ಎರಡು ತಿಂಗಳಲ್ಲಿ ಮುಳುಗಿದ ಹಡಗುಗಳ ಹೆಸರುಗಳನ್ನು ಹಿಡಿದು ಒಂದು ಮಳೆಗಾಲವಿಡೀ ಕೂತೆ. ಭಾರತೀಯರು ದುಡಿಯುತ್ತಿದ್ದ ಹಡಗು ಅವುಗಳಲ್ಲಿ ಒಂದಕ್ಕಿಂತ ಹೆಚ್ಚು. ಯಾವುದು ಅಜ್ಜನದು? ಹಡಗಿನ ಹೆಸರನ್ನು ಅವರು ಹತ್ತು ಸಲವಾದರೂ ಹೇಳಿದ್ದರು. ನಾನು ಒಂದು ಸಲವೂ ಬರೆದುಕೊಂಡಿರಲಿಲ್ಲ.

1940ರ ಸೆಪ್ಟೆಂಬರ್ 17ರಂದು ಅಟ್ಲಾಂಟಿಕ್‌ನಲ್ಲಿ ಮುಳುಗಿದ ‘ಸಿಟಿ ಆಫ್ ಬನಾರಸ್’ ಹಡಗಿನ ಕತೆ ಪ್ರಸಿದ್ಧ. ಕೆನಡಾಕ್ಕೆ ಕಳಿಸುತ್ತಿದ್ದ 90 ಮಕ್ಕಳಲ್ಲಿ 77 ಮಂದಿ ಸತ್ತರು. ಅದರ ಒಂದು ಲೈಫ್‌ಬೋಟು ಎಂಟು ದಿನ ತೇಲಿ ಸಿಕ್ಕಿತು. ಆರು ಹುಡುಗರು, ಅವರನ್ನು ನೋಡಿಕೊಂಡ ಮೇರಿ ಕಾರ್ನಿಷ್ ಬದುಕಿದರು. ಅವರ ಹೆಸರುಗಳು ಪುಸ್ತಕಗಳಲ್ಲಿವೆ. ಅದೇ ದೋಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಭಾರತೀಯ ನಾವಿಕರಿದ್ದರು. ಆ ಕತೆಯನ್ನು ಹೇಳುವಾಗ ಅವರನ್ನು ಸಾಮಾನ್ಯವಾಗಿ ‘ಲಸ್ಕರರು’ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಇದನ್ನು ಓದಿ ಬ್ರಿಟಿಷರ ಮೇಲೆ ಸಿಟ್ಟು ಬಂತು. ಆಮೇಲೆ ನನ್ನ ನೆನಪಾಯಿತು. ನಾನು ‘ಬೇಕರಿ ಅಜ್ಜ’ ಎಂದೇ ಕರೆದವನು. ಅವರ ಪೂರ್ತಿ ಹೆಸರನ್ನು ನಾನೂ ಕೇಳಿರಲಿಲ್ಲ.

ಚಿತ್ತಗಾಂಗ್ ಇರುವುದು ಬಂಗಾಳ ಕೊಲ್ಲಿಯ ದಡದಲ್ಲಿ, ನೋವಾಖಾಲಿ ಅದರ ನೆರೆಯ ಜಿಲ್ಲೆ. ನಮ್ಮ ವರದೆಯ ನೀರು ಕೊನೆಗೆ ಸೇರುವುದು ಅದೇ ಕೊಲ್ಲಿಯನ್ನು. ಅಲ್ಲಿಯ ಪುಸ್ತಕದ ಯಾವುದೋ ಒಂದು ಪುಟದಲ್ಲಿ ಅವನ ಹೆಸರು ಇರಬೇಕು. ಅದನ್ನು ಓದುವವರಿಗೆ ಆ ಹೆಸರಿನ ಮನುಷ್ಯ ಬೆಳಗಿನ ಜಾವ ನಿಂತುಕೊಂಡೇ ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದ ಎಂಬುದು ಗೊತ್ತಿಲ್ಲ. ನನಗೆ ಅದು ಗೊತ್ತಿದೆ, ಹೆಸರು ಗೊತ್ತಿಲ್ಲ.

ಇದನ್ನು ಓದುವವರಲ್ಲಿ ಹೊನ್ನಾವರ, ಭಟ್ಕಳ, ಕಾರವಾರ, ಮಂಗಳೂರು ಕಡೆಯ ವಿದ್ಯಾರ್ಥಿಗಳು ಇರಬಹುದು. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ತಗಡಿನ ಟ್ರಂಕು ಇದ್ದರೆ, ಅದರಲ್ಲಿ ಹಡಗಿನ ಸೇವೆಯ ಪುಸ್ತಕವೋ ಮಡಚಿದ ಕಾಗದವೋ ಇದ್ದರೆ, ಎಸೆಯುವ ಮೊದಲು ತೆಗೆದು ನೋಡಿ. ಹೇಳುವವರು ಇನ್ನೂ ಮನೆಯಲ್ಲಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಮೊದಲು ಹಡಗಿನ ಹೆಸರನ್ನು ಬರೆದುಕೊಳ್ಳಿ.